ಒಳಗಿನಿಂದ ಚಿಲಕ ಹಾಕುವ ಕೋಣೆ



ಕೊಳ್ಳೇಗಾಲ, ಹನೂರು, ಯಳಂದೂರು. ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ತಿಂಗಳ ಸಂಬಳ ಸಿಗುವ ಜಾಗಗಳನ್ನು ಬೆರಳು ಮಡಚಿ ಎಣಿಸಿಬಿಡಬಹುದು. ಕೊಳ್ಳೇಗಾಲದ ನಗರಸಭೆ, ಹನೂರು ಮತ್ತು ಯಳಂದೂರಿನ ಪಟ್ಟಣ ಪಂಚಾಯಿತಿಗಳು, ಸರ್ಕಾರಿ ಆಸ್ಪತ್ರೆಗಳು, ಶಾಲೆ, ಕಾಲೇಜು, ಹಾಸ್ಟೆಲ್ಲು, ಬಸ್ ಡಿಪೊ, ಪೊಲೀಸ್ ಠಾಣೆ, ಅರಣ್ಯ ಇಲಾಖೆ, ಮಲೆ ಮಹದೇಶ್ವರ ಬೆಟ್ಟದ ಪ್ರಾಧಿಕಾರ. ಇನ್ನು ಉಳಿದದ್ದು ಎಂದರೆ ಬ್ಯಾಂಕು, ಸೊಸೈಟಿ, ರೇಷ್ಮೆ ನೂಲು ಬಿಚ್ಚುವ ಘಟಕ, ಸೀರೆ ಮಗ್ಗ, ಬಟ್ಟೆ ಅಂಗಡಿ, ಕಲ್ಲು ಕ್ವಾರಿ, ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟ. ಇದರಾಚೆ ದುಡಿಮೆ ಬೇಕೆಂದವರು ಮೈಸೂರಿಗೋ ಬೆಂಗಳೂರಿಗೋ ತಿರುಪ್ಪೂರಿಗೋ ಬಸ್ ಹತ್ತುತ್ತಾರೆ.

ಈ ಪಟ್ಟಿಯ ಯಾವುದಾದರೂ ಒಂದು ಕಚೇರಿಗೆ ನಾಳೆ ಬೆಳಿಗ್ಗೆ ಒಬ್ಬ ಟ್ರಾನ್ಸ್ ಮಹಿಳೆ, ಅಂದರೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುವವರು, ನೇಮಕಾತಿ ಆದೇಶ ಹಿಡಿದು ಬಂದರು ಎನ್ನಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಕುರ್ಚಿ ತೋರಿಸುತ್ತಾರೆ, ಯಾರೋ ಒಬ್ಬರು ಟೀ ತರಿಸುತ್ತಾರೆ. ಹನ್ನೊಂದು ಗಂಟೆ ಹೊತ್ತಿಗೆ ಆಕೆ ಶೌಚಾಲಯಕ್ಕೆ ಹೋಗಬೇಕು. ಎಲ್ಲಿಗೆ? ಗಂಡಸರ ಕಡೆ ಹೋದರೆ ಅಲ್ಲಿ ನಿಲ್ಲುವಂತಿಲ್ಲ. ಹೆಂಗಸರ ಕಡೆ ಹೋದರೆ ಯಾರು ಏನೆಂದಾರೋ ಗೊತ್ತಿಲ್ಲ. ಸಾಹೇಬರನ್ನು ಕೇಳಿದರೆ ಅವರು ಮೇಲಿನವರನ್ನು ಕೇಳಿ ಹೇಳುತ್ತೇನೆ ಎನ್ನುತ್ತಾರೆ. ಆಕೆ ಸಂಜೆಯವರೆಗೆ ತಡೆದುಕೊಂಡು ಕೂರುತ್ತಾರೆ. ಮರುದಿನದಿಂದ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಡುತ್ತಾರೆ.

ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಈ ಹನ್ನೊಂದು ಗಂಟೆಯ ಪ್ರಶ್ನೆಯನ್ನು ಕುರಿತು. ಅದಕ್ಕೆ ಉತ್ತರ ಕಚೇರಿಯ ಗೋಡೆಯ ಮೇಲೆ ಬರಹದಲ್ಲಿ ಮೊದಲೇ ಇರಬೇಕು, ಕೆಲಸಕ್ಕೆ ಬಂದವರು ಹತ್ತು ಜನರ ಮುಂದೆ ನಿಂತು ಕೇಳುವಂತಾಗಬಾರದು ಎಂಬುದು ನನ್ನ ಮಾತು.

ಹಾಗೆ ಆದೇಶ ಹಿಡಿದು ಬರುವ ದಿನ ದೂರವಿಲ್ಲ. 2021ರ ಜುಲೈನಲ್ಲಿ ಕರ್ನಾಟಕ ಸರ್ಕಾರ ತನ್ನ ನಾಗರಿಕ ಸೇವಾ ನೇಮಕಾತಿ ನಿಯಮಗಳನ್ನು ತಿದ್ದಿ, ನೇರ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡ 1 ಮೀಸಲಾತಿ ಕೊಟ್ಟಿತು. ಇಂಥ ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ನಮ್ಮದು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ದುಡಿಯುವ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಗಿ ಹೂಡಿದ ಮೊಕದ್ದಮೆಯಿಂದ ಬಂದ ಫಲ ಅದು. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳು, ಹೀಗೆ ಪ್ರತಿಯೊಂದು ಗುಂಪಿನ ಒಳಗೂ ಆ ಒಂದು ಪಾಲು ಇರುತ್ತದೆ. ಅರ್ಜಿ ನಮೂನೆಯಲ್ಲಿ ಪುರುಷ, ಮಹಿಳೆ ಎಂಬುದರ ಪಕ್ಕ ‘ಇತರೆ’ ಎಂಬ ಕಾಲಂ ಇರಲೇಬೇಕು. ಮರುವರ್ಷ ಸಶಸ್ತ್ರ ಪೊಲೀಸ್ ಕಾನ್‌ಸ್ಟೆಬಲ್‌ಗಳ 3,484 ಹುದ್ದೆಗಳಿಗೆ ಅರ್ಜಿ ಕರೆದಾಗ 79 ಹುದ್ದೆಗಳನ್ನು ಇವರಿಗಾಗಿ ತೆಗೆದಿಟ್ಟರು. ಅದೇ 2022ರಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಮೂವರು ಲಿಂಗತ್ವ ಅಲ್ಪಸಂಖ್ಯಾತರ ಹೆಸರು ಬಂತು. ನಮ್ಮ ಹಳ್ಳಿಯ ಶಾಲೆಗೂ ಅಂಥ ಒಬ್ಬ ಮೇಷ್ಟರೋ ಮೇಡಮ್ಮೋ ಬರಬಹುದು. 2011ರ ಜನಗಣತಿ ನಮ್ಮ ರಾಜ್ಯದಲ್ಲಿ ‘ಇತರೆ’ ಎಂಬ ಕಾಲಂನಲ್ಲಿ 20,266 ಜನರನ್ನು ಬರೆದುಕೊಂಡಿತು. ಎಣಿಸಲು ಬಂದವರ ಮುಂದೆ ಮನೆಯವರು ಹೇಳಲು ಒಪ್ಪಿದವರ ಲೆಕ್ಕ ಅಷ್ಟು. ಹೇಳದೆ ಉಳಿದವರು ಎಷ್ಟೋ.

ಇಲ್ಲಿ ಒಂದು ವಿಷಯ ನೆನಪಿಸಬೇಕು. 2011ರಲ್ಲಿ ಇದೇ ರಾಜ್ಯ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿತ್ತು. ಈ ಸಮುದಾಯದವರ ಹೆಸರು, ವಿಳಾಸಗಳನ್ನು ಪೊಲೀಸರು ಪುಸ್ತಕದಲ್ಲಿ ಬರೆದಿಟ್ಟುಕೊಂಡು ನಿಗಾ ಇಡಲು ಅವಕಾಶ ಕೊಟ್ಟ ಕಲಂ ಅದು. ಹನ್ನೊಂದೇ ವರ್ಷದಲ್ಲಿ ಅದೇ ಪೊಲೀಸ್ ಇಲಾಖೆ ಅವರನ್ನು ಸಮವಸ್ತ್ರ ತೊಡಲು ಕರೆಯಿತು. ಇಷ್ಟು ದೂರ ಬಂದದ್ದು ಆ ಸಮುದಾಯದವರೇ ಬೀದಿಯಲ್ಲಿ, ಕೋರ್ಟಿನಲ್ಲಿ ಪಟ್ಟ ಪಾಡಿನಿಂದ. ಬಂದವರನ್ನು ಶೌಚಾಲಯದ ಬಾಗಿಲಲ್ಲಿ ನಿಲ್ಲಿಸಿಬಿಟ್ಟರೆ ಕೊಟ್ಟ ಹುದ್ದೆಯನ್ನು ಹಿಂದಕ್ಕೆ ಕಿತ್ತುಕೊಂಡ ಹಾಗೆಯೇ.

ಕಾನೂನು ಏನು ಹೇಳುತ್ತದೆ ನೋಡೋಣ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ, ಅಂದರೆ ನಾಲ್ಸಾ, ಹೂಡಿದ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಲಿಂಗತ್ವ ಅಲ್ಪಸಂಖ್ಯಾತರೂ ಸಂವಿಧಾನದ ಎಲ್ಲ ಹಕ್ಕುಗಳಿಗೆ ಬಾಧ್ಯರು ಎಂದರು. ಸಾರ್ವಜನಿಕ ಶೌಚಾಲಯದ ಏರ್ಪಾಡು ಮಾಡಿ ಎಂದು ಸರ್ಕಾರಗಳಿಗೆ ಹೇಳಿದರು. ಲಿಂಗ ಗುರುತನ್ನು ಒಪ್ಪಲು ಶಸ್ತ್ರಚಿಕಿತ್ಸೆ ಆಗಿರಲೇಬೇಕೆಂದು ಹಟ ಹಿಡಿಯುವುದು ಕಾನೂನಿಗೆ ವಿರುದ್ಧ ಎಂದೂ ಹೇಳಿದರು. ಆಮೇಲೆ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗೆ 2019ರ ಕಾಯ್ದೆ ಬಂತು, 2020ರ ಜನವರಿ 10ರಿಂದ ಜಾರಿಯಾಯಿತು. ಅದರ 9ನೇ ಕಲಂ ಕೆಲಸದಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. 11ನೇ ಕಲಂ ಪ್ರತಿ ಸಂಸ್ಥೆಯಲ್ಲೂ ಒಬ್ಬ ದೂರು ಅಧಿಕಾರಿ ಇರಬೇಕು ಎನ್ನುತ್ತದೆ. 2016ರ ಮಸೂದೆಯಲ್ಲಿ ಇದು ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆಗೆ ಮಾತ್ರ ಎಂದಿತ್ತು. ಕಾಯ್ದೆಯಾಗುವ ಹೊತ್ತಿಗೆ ಆ ಮಿತಿಯನ್ನು ತೆಗೆದುಹಾಕಿದರು. ನಮ್ಮಂಥ ಚಿಕ್ಕ ಊರುಗಳಿಗೆ ಇದು ದೊಡ್ಡ ವಿಷಯ. ಯಳಂದೂರಿನ ಒಂದು ಸಣ್ಣ ಸೊಸೈಟಿಯೂ ನಮಗೆ ಇದು ಸಂಬಂಧವಿಲ್ಲ ಎನ್ನುವಂತಿಲ್ಲ.

ಆ ಕಾಯ್ದೆಯಡಿ ಬಂದ 2020ರ ಸೆಪ್ಟೆಂಬರಿನ ನಿಯಮಗಳು ಇನ್ನೂ ಬಿಡಿಸಿ ಹೇಳಿವೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯೊಂದನ್ನು ಬರೆದು ಪ್ರಕಟಿಸಬೇಕು. ಎಲ್ಲರೂ ಬಳಸಬಹುದಾದ ಶೌಚಾಲಯ, ಓಡಾಟದಲ್ಲಿ ಭದ್ರತೆ, ನೈರ್ಮಲ್ಯದ ಸಾಮಗ್ರಿ, ದೂರು ಅಧಿಕಾರಿ ಯಾರು ಎಂಬುದು, ಎಲ್ಲ ಅದರಲ್ಲಿರಬೇಕು. ದೂರು ಬಂದ ಹದಿನೈದು ದಿನದೊಳಗೆ ವಿಚಾರಣೆ ಆಗಬೇಕು. ಎರಡು ವರ್ಷದೊಳಗೆ ಶೌಚಾಲಯಗಳ ಏರ್ಪಾಡು ಮಾಡಬೇಕೆಂದು ಸರ್ಕಾರಗಳಿಗೂ ಗಡುವು ಹಾಕಿದ್ದರು. ಆ ಗಡುವು 2022ಕ್ಕೇ ಮುಗಿದುಹೋಗಿದೆ. ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಸಮಿತಿಯ ಫಲಕವನ್ನು ನಾನು ಎಷ್ಟೋ ಕಚೇರಿಗಳಲ್ಲಿ ಕಂಡಿದ್ದೇನೆ. ಅದರ ಪಕ್ಕ ಈ ದೂರು ಅಧಿಕಾರಿಯ ಹೆಸರು ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಸುಪ್ರೀಂ ಕೋರ್ಟಿಗೂ ಇದೇ ಕಂಡಿತು. ಜೇನ್ ಕೌಶಿಕ್ ಎಂಬ ಟ್ರಾನ್ಸ್ ಶಿಕ್ಷಕಿಯನ್ನು ಉತ್ತರ ಪ್ರದೇಶದ ಒಂದು ಖಾಸಗಿ ಶಾಲೆ ಸೇರಿಸಿಕೊಂಡ ಕೆಲವೇ ದಿನಗಳಲ್ಲಿ ಹೊರಗೆ ಕಳಿಸಿತು. ಗುಜರಾತಿನ ಇನ್ನೊಂದು ಶಾಲೆ ಕೆಲಸ ಕೊಡುತ್ತೇವೆಂದು ಹೇಳಿ ಮಾತು ತಪ್ಪಿತು. 2025ರ ಅಕ್ಟೋಬರ್ 17ರಂದು ನ್ಯಾಯಮೂರ್ತಿ ಜೆ.ಬಿ. ಪರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ ಆಕೆಗೆ ಪರಿಹಾರ ಕೊಡಿಸಿತು. ಅಷ್ಟಕ್ಕೆ ನಿಲ್ಲಲಿಲ್ಲ. ಕಾಯ್ದೆ ಪುಸ್ತಕದಲ್ಲೇ ಉಳಿದಿದೆ ಎಂದು ಸರ್ಕಾರಗಳನ್ನು ತರಾಟೆಗೆ ತೆಗೆದುಕೊಂಡು, ಪ್ರತಿ ಸಂಸ್ಥೆಯಲ್ಲಿ ದೂರು ಅಧಿಕಾರಿ, ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಯ ಕೆಳಗೆ ರಕ್ಷಣಾ ಕೋಶ ಇರಬೇಕೆಂದು ಆದೇಶಿಸಿತು. ಉದ್ಯೋಗದ ಸಮಾನ ಅವಕಾಶ ನೀತಿಯ ಕರಡು ಬರೆಯಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ನಮ್ಮ ರಾಜ್ಯದವರೇ ಆದ ಟ್ರಾನ್ಸ್ ಹೋರಾಟಗಾರ್ತಿ ಅಕ್ಕೈ ಪದ್ಮಶಾಲಿ ಆ ಸಮಿತಿಯಲ್ಲಿದ್ದಾರೆ. ಈ ಸುದ್ದಿ ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಹನ್ನೊಂದು ಗಂಟೆಯ ಪ್ರಶ್ನೆಯನ್ನು ಬದುಕಿನಲ್ಲಿ ಅನುಭವಿಸಿದವರು ಆ ಮೇಜಿನ ಮುಂದೆ ಕೂತಿದ್ದಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಕೆಲಸದ ಜಾಗದಲ್ಲಿರುವ ಹೆಂಗಸರು ಏನೆನ್ನುತ್ತಾರೆ? ಎಷ್ಟೋ ಜನ ಏನೂ ಅನ್ನುವುದಿಲ್ಲ, ತಮ್ಮ ಜೊತೆಯವರೆಂದೇ ನಡೆಸಿಕೊಳ್ಳುತ್ತಾರೆ. ಕೆಲವರಿಗೆ ಮುಜುಗರವಾಗುತ್ತದೆ, ಹೆದರಿಕೆಯೂ ಆಗುತ್ತದೆ. ಅದನ್ನು ಮೂಢತನ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಕಚೇರಿಯ ಶೌಚಾಲಯ ಎಂದರೆ ಏನು ಎಂಬುದನ್ನು ಯೋಚಿಸಿ. ಸೀರೆ ಸರಿಮಾಡಿಕೊಳ್ಳುವುದು, ಮುಟ್ಟಿನ ಬಟ್ಟೆ ಬದಲಾಯಿಸುವುದು, ಮೇಲಿನವರು ಬೈದಾಗ ಹೋಗಿ ಒಂದು ನಿಮಿಷ ಅತ್ತು ಬರುವುದು, ಎಲ್ಲ ಅಲ್ಲೇ. ಗಂಡಸರ ಕಣ್ಣು ಬೀಳದ ಜಾಗ ಅದೊಂದೇ. ಆ ಜಾಗವೂ ಎಂಥದು? ಅರ್ಧ ಮುರಿದ ಬಾಗಿಲು, ಇಲ್ಲದ ಚಿಲಕ, ಮೇಲೆ ತೆರೆದ ಗೋಡೆ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಪದೇ ಪದೇ ಎದ್ದು ಹೋಗಬೇಕಾದೀತೆಂದು ನೀರು ಕಡಿಮೆ ಕುಡಿಯುವುದು, ಉರಿಮೂತ್ರದಿಂದ ನರಳುವುದು ಕಾರ್ಮಿಕ ಸಂಘಗಳು ವರ್ಷಗಳಿಂದ ಹೇಳುತ್ತಾ ಬಂದಿರುವ ಸಂಗತಿ.

ನೋಡಿ, ಹೊಸದಾಗಿ ಬಂದ ಟ್ರಾನ್ಸ್ ಮಹಿಳೆಯೂ ನೀರು ಬಿಟ್ಟಿದ್ದಾರೆ, ಇಪ್ಪತ್ತು ವರ್ಷದಿಂದ ದುಡಿಯುತ್ತಿರುವ ಹೆಂಗಸೂ ನೀರು ಬಿಟ್ಟಿದ್ದಾರೆ. ಇಬ್ಬರಿಗೂ ಬೇಕಾದ್ದು ಒಂದೇ: ನೆಲದಿಂದ ಸೂರಿನವರೆಗೆ ಗೋಡೆ, ಗಟ್ಟಿ ಬಾಗಿಲು, ಒಳಗಿನಿಂದ ಹಾಕುವ ಚಿಲಕ, ನಲ್ಲಿಯಲ್ಲಿ ನೀರು, ಒಂದು ಮುಚ್ಚಳದ ಡಬ್ಬಿ. ಇವರಿಬ್ಬರನ್ನು ಎದುರುಬದುರು ನಿಲ್ಲಿಸಿ ಯಾರ ಹಕ್ಕು ದೊಡ್ಡದು ಎಂದು ಕೇಳುವುದು ಅನ್ಯಾಯ. ಆ ಬಾಗಿಲನ್ನು ಇಷ್ಟು ವರ್ಷ ರಿಪೇರಿ ಮಾಡಿಸದ ಮಾಲೀಕನನ್ನು, ಅಧಿಕಾರಿಯನ್ನು ಮೊದಲು ಕೇಳಬೇಕು.

ಹೊರದೇಶದಲ್ಲೂ ಈ ಜಗಳ ಜೋರಾಗಿದೆ. ಬ್ರಿಟನ್ನಿನ ಸುಪ್ರೀಂ ಕೋರ್ಟು 2025ರ ಏಪ್ರಿಲ್ 16ರಂದು, ಅಲ್ಲಿನ 2010ರ ಸಮಾನತಾ ಕಾಯ್ದೆಯಲ್ಲಿ ಬರುವ ಮಹಿಳೆ ಎಂಬ ಮಾತಿಗೆ ಹುಟ್ಟಿನ ದೇಹವೇ ಆಧಾರ ಎಂದು ತೀರ್ಪು ಕೊಟ್ಟಿತು. ಅದಾದ ಮೇಲೆ ಆಸ್ಪತ್ರೆ, ಕಚೇರಿಗಳು ತಮ್ಮ ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗಳ ನಿಯಮವನ್ನು ಮತ್ತೆ ತಿರುವಿಹಾಕಬೇಕಾಯಿತು. ನರ್ಸುಗಳು ನ್ಯಾಯಮಂಡಳಿಗೆ ಹೋಗಿದ್ದಾರೆ, ಟ್ರಾನ್ಸ್ ನೌಕರರು ದಿಕ್ಕೆಟ್ಟಿದ್ದಾರೆ. ಆ ತೀರ್ಪು ನಮಗೆ ಅನ್ವಯಿಸುವುದಿಲ್ಲ. ನಮ್ಮ ಕಾನೂನು ಬೇರೆ ದಾರಿಯಲ್ಲಿ ಬಂದಿದೆ. ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯಲ್ಲಿ ಕೇಂದ್ರ ಸರ್ಕಾರ 2017ರ ಏಪ್ರಿಲ್‌ನಲ್ಲೇ, ಲಿಂಗತ್ವ ಅಲ್ಪಸಂಖ್ಯಾತರು ಸಾರ್ವಜನಿಕ ಶೌಚಾಲಯದಲ್ಲಿ ತಮಗೆ ಸರಿಕಂಡ ಕಡೆ, ಗಂಡಸರ ಕಡೆಗಾಗಲಿ ಹೆಂಗಸರ ಕಡೆಗಾಗಲಿ, ಹೋಗಲು ಬಿಡಬೇಕೆಂದು ಸೂಚಿಸಿತ್ತು. ಬ್ರಿಟನ್ನಿಂದ ನಾವು ತೆಗೆದುಕೊಳ್ಳಬಹುದಾದ್ದು ಇನ್ನೊಂದಿದೆ. ಅಲ್ಲಿನ 1992ರ ಕೆಲಸದ ಸ್ಥಳದ ನಿಯಮಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ ಕಡ್ಡಾಯ. ಆದರೆ ಪ್ರತಿ ಶೌಚಾಲಯವೂ ಒಳಗಿನಿಂದ ಭದ್ರ ಮಾಡಿಕೊಳ್ಳಬಹುದಾದ ಬಾಗಿಲುಳ್ಳ ಪೂರ್ತಿ ಪ್ರತ್ಯೇಕ ಕೋಣೆಯಾಗಿದ್ದರೆ ಬೇರ್ಪಡಿಸುವ ಅಗತ್ಯವೇ ಇಲ್ಲ. ಮೂವತ್ತು ವರ್ಷಕ್ಕೂ ಹಳೆಯ ಈ ಒಂದು ಸಾಲಿನಲ್ಲಿ ಅರ್ಧ ಜಗಳಕ್ಕೆ ಪರಿಹಾರವಿದೆ ಎಂದು ನನ್ನ ಎಣಿಕೆ.

ಶೌಚಾಲಯದ್ದು ಹಾಗಾಯಿತು. ಮಲಗುವ ಜಾಗದ್ದು ಹೆಚ್ಚು ತೊಡಕು, ನಮ್ಮ ಕಡೆಯಂತೂ ಅದರ ಮಾತೇ ಯಾರೂ ಎತ್ತುವುದಿಲ್ಲ. ಈ ಮೂರು ತಾಲ್ಲೂಕುಗಳ ಎಷ್ಟೋ ಕೆಲಸಗಳಲ್ಲಿ ರಾತ್ರಿ ಅಲ್ಲೇ ಉಳಿಯಬೇಕು. ಬಿಳಿಗಿರಿರಂಗನ ಬೆಟ್ಟ 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಹನೂರಿನ ಕಡೆ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ವನ್ಯಧಾಮ. ಕಾಡಿನ ನಡುವೆ ಕಳ್ಳಬೇಟೆ ತಡೆ ಶಿಬಿರಗಳು. ಒಂದು ಕೋಣೆ, ಸುತ್ತ ಆನೆ ಕಂದಕ, ಒಳಗೆ ಸಾಲಾಗಿ ಮಲಗುವ ನಾಲ್ಕೈದು ಕಾವಲುಗಾರರು. ಆನೆ ಓಡಾಡುವ ರಾತ್ರಿಯಲ್ಲಿ ಹೊರಗೆ ಹೋಗಿ ಬಟ್ಟೆ ಬದಲಿಸಿಕೋ ಎನ್ನಲಾದೀತೆ? ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ನರ್ಸುಗಳಿಗೆ ಒಂದು ಡ್ಯೂಟಿ ರೂಮು. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆಯವರು ಮಕ್ಕಳ ಜೊತೆಗೇ ಉಳಿಯುತ್ತಾರೆ. ಹನೂರಿನ ಕಾಡಂಚಿನ ಹಳ್ಳಿಗೆ ಹೋದ ಕಡೆಯ ಬಸ್ಸು ಬೆಳಿಗ್ಗೆಯೇ ಹಿಂದಿರುಗುವುದು. ಡ್ರೈವರು, ಕಂಡಕ್ಟರು ಬಸ್ಸಿನಲ್ಲೋ ಊರ ಗುಡಿಯ ಜಗಲಿಯಲ್ಲೋ ಮಲಗುತ್ತಾರೆ. ಕಾಡಿನ ಶಿಬಿರ, ಬಸ್ಸಿನ ಏರ್ಪಾಡುಗಳಂತೂ ಬಹುಪಾಲು ಗಂಡಸರೇ ಇರುವ ಕೆಲಸ ಎಂದು ಬಗೆದು ಕಟ್ಟಿದವು. ಮಹಿಳೆಯರು ಅರಣ್ಯ ರಕ್ಷಕರಾಗಿ, ಕಂಡಕ್ಟರಾಗಿ ಬಂದಾಗಲೇ ಅವು ಸಾಲದಾದವು.

ಬಟ್ಟೆ ಬದಲಿಸುವ, ಮಲಗುವ ಜಾಗ ಶೌಚಾಲಯದ ಹಾಗಲ್ಲ ಎಂಬುದನ್ನು ಒಪ್ಪಲೇಬೇಕು. ಅಲ್ಲಿ ಹಲವರು ಒಟ್ಟಿಗೆ ಇರುತ್ತಾರೆ, ಹೊತ್ತು ಕಳೆಯುತ್ತಾರೆ. ಅಲ್ಲಿ ಹೆಂಗಸರ ಒಪ್ಪಿಗೆ, ಟ್ರಾನ್ಸ್ ನೌಕರರ ಭದ್ರತೆ ಎರಡನ್ನೂ ಕೂಡಿಸಿ ನೋಡಬೇಕು. ದೊಡ್ಡ ಕೋಣೆಯನ್ನು ಹಲಗೆಯಿಂದ ಬೇರ್ಪಡಿಸಿ ಬಾಗಿಲಿಟ್ಟ ಸಣ್ಣ ಕೋಣೆಗಳಾಗಿ ಮಾಡಬಹುದು. ಅದು ಆಗುವವರೆಗೆ ಪಾಳಿಯನ್ನು ಹೊಂದಿಸಬಹುದು. ಹೊಂದಿಸುವಾಗ ಸಂಬಳವಾಗಲಿ ಬಡ್ತಿಯಾಗಲಿ ಕಡಿಮೆಯಾಗಬಾರದು. ಒಂದು ಎಚ್ಚರ ಮಾತ್ರ ಬೇಕು. ಪ್ರತ್ಯೇಕ ಕೋಣೆ ಎಂದು ಹೇಳಿ ಟ್ರಾನ್ಸ್ ನೌಕರರನ್ನು ಕಟ್ಟಡದ ಹಿಂದಿನ ಉಗ್ರಾಣಕ್ಕೆ ಕಳಿಸಿ, ಬಾಗಿಲ ಮೇಲೆ ಅವರ ಗುರುತು ಬರೆದರೆ, ಬಂದವರೆಲ್ಲ ಬೆರಳು ಮಾಡುವ ಕೋಣೆಯಾಗುತ್ತದೆ. ಆ ಕೋಣೆ ಯಾರು ಬೇಕಾದರೂ ಬಳಸುವಂತಿರಬೇಕು: ಗಾಲಿಕುರ್ಚಿಯಲ್ಲಿ ಬರುವವರು, ವಯಸ್ಸಾದ ತಾಯಿಯನ್ನು ಕರೆತಂದ ಮಗ, ಏಕಾಂತ ಬೇಕಾದ ಯಾವ ಹೆಂಗಸಾದರೂ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಇಂಥ ಕೋಣೆಗಳ ಮಾತು ಇದೆ. 1948ರ ಕಾರ್ಖಾನೆ ಕಾಯ್ದೆ ಗಂಡಸರ ಮತ್ತು ಹೆಂಗಸರ ಶೌಚಾಲಯಗಳನ್ನಷ್ಟೇ ಹೆಸರಿಸಿತ್ತು. ಅದರ ಜಾಗಕ್ಕೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಪುರುಷ, ಮಹಿಳೆ ಮತ್ತು ಟ್ರಾನ್ಸ್‌ಜೆಂಡರ್ ನೌಕರರಿಗೆ ಶೌಚಾಲಯ, ಸ್ನಾನದ ಜಾಗ, ಲಾಕರ್ ಕೋಣೆಗಳನ್ನು ಪ್ರತ್ಯೇಕವಾಗಿ ಕೊಡಬೇಕೆಂದು ಹೇಳುತ್ತದೆ. ಆದರೆ ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಆ ಸಂಹಿತೆ ಸಾಮಾನ್ಯವಾಗಿ ಹತ್ತಿರ ಸುಳಿಯುವುದಿಲ್ಲ. ಕೊಳ್ಳೇಗಾಲದ ರೇಷ್ಮೆ ಎಲ್ಲಿ ಹುಟ್ಟುತ್ತದೆ ಹೇಳಿ? ಮನೆ ಹಿಂದಿನ ಶೀಟಿನ ಕೆಳಗೆ, ಬಿಸಿನೀರಿನ ತೊಟ್ಟಿಯ ಮುಂದೆ ನಾಲ್ಕೈದು ಹೆಂಗಸರು ಕೂತು ಗೂಡಿನಿಂದ ಎಳೆ ಎತ್ತುವ ಕಡೆ. ಎರಡು ಮಗ್ಗ ಹಾಕಿಕೊಂಡ ನೇಕಾರರ ಮನೆಯಲ್ಲಿ. ಅಲ್ಲಿ ಯಾರಿಗೂ ಶೌಚಾಲಯವಿಲ್ಲ, ಮಾಲೀಕರ ಮನೆಯದನ್ನೇ ಬಳಸಬೇಕು, ಅವರು ಬಿಟ್ಟರೆ. ಇಂಥ ಕಡೆ ಬಂದು ದುಡಿಯುವ ಟ್ರಾನ್ಸ್ ವ್ಯಕ್ತಿಗೆ 2019ರ ಕಾಯ್ದೆಯೊಂದೇ ಆಸರೆ. ರೇಷ್ಮೆ ಇಲಾಖೆ ನೂಲು ಬಿಚ್ಚುವವರಿಗೆ ಯಂತ್ರಕ್ಕೆ, ಶೆಡ್ಡಿಗೆ ಸಹಾಯಧನ ಕೊಡುತ್ತದೆ. ಶೆಡ್ಡಿನ ನಕ್ಷೆಯಲ್ಲಿ ಒಂದು ಬಾಗಿಲುಳ್ಳ ಶೌಚಾಲಯ ಇದ್ದರೆ ಮಾತ್ರ ಕಂತು ಬಿಡುಗಡೆ ಎಂದರೆ ಮುಗಿಯಿತು.

ಟ್ರಾನ್ಸ್ ಪುರುಷರ ವಿಷಯವನ್ನೂ ಹೇಳಬೇಕು. ಮಂಗಳಮುಖಿಯರನ್ನು ಜಾತ್ರೆಯಲ್ಲಿ, ಟೋಲ್‌ಗೇಟಿನಲ್ಲಿ ಜನ ನೋಡಿರುತ್ತಾರೆ. ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ರಾಪು ಬಿಟ್ಟು, ಶರಟು ಹಾಕಿಕೊಂಡು ಗೋದಾಮಿನಲ್ಲೋ ಹೋಟೆಲಿನಲ್ಲೋ ದುಡಿಯುತ್ತಿರುತ್ತಾರೆ. ಗಂಡಸರ ಶೌಚಾಲಯದಲ್ಲಿ ನಿಂತು ಮುಗಿಸುವ ಸಾಲು ಬಿಟ್ಟರೆ ಬಾಗಿಲಿರುವುದು ಒಂದೋ ಎರಡೋ, ಅದಕ್ಕೂ ಬೀಗ. ಅವರಿಗೂ ಮುಟ್ಟಾಗುತ್ತದೆ, ಪ್ಯಾಡು ಹಾಕುವ ಡಬ್ಬಿ ಅಲ್ಲಿ ಇರುವುದಿಲ್ಲ. ಸಿಕ್ಕಿಬಿದ್ದರೆ ಏನಾಗಬಹುದೆಂಬ ಭಯದಲ್ಲಿ ಪ್ರತಿದಿನ ದುಡಿಯುತ್ತಾರೆ. ನೀತಿ ಬರೆಯುವವರು ಟ್ರಾನ್ಸ್ ಮಹಿಳೆಯರನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದರೆ ಇವರು ಬಿಟ್ಟೇಹೋಗುತ್ತಾರೆ.

ಕೆಲಸದ ಜಾಗದ ಆಚೆ ವಾಸದ ಮನೆಯ ಪ್ರಶ್ನೆಯೂ ಇದೆ. ಕೊಚ್ಚಿಯ ಮೆಟ್ರೊ 2017ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ತೆಗೆದುಕೊಂಡಾಗ ದೇಶವೇ ಮೆಚ್ಚಿತು. ತಿಂಗಳೊಳಗೆ ಎಂಟು ಜನ ಬಿಟ್ಟುಹೋದರು. ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ, ಲಾಡ್ಜಿನ ದುಡ್ಡು ಸಂಬಳವನ್ನೇ ನುಂಗಿತು. ಕೊಳ್ಳೇಗಾಲದಲ್ಲಿ ಮನೆ ಬಾಡಿಗೆಗೆ ಕೊಡುವವರು ಜಾತಿ ಕೇಳುತ್ತಾರೆ, ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆ. ಇವರನ್ನು ಇನ್ನೇನು ಕೇಳುತ್ತಾರೋ. ವರ್ಗವಾಗಿ ಬಂದ ಟ್ರಾನ್ಸ್ ಶಿಕ್ಷಕಿಗೆ, ಪೊಲೀಸರಿಗೆ ವಸತಿಗೃಹ ಹಂಚುವಾಗ ಮೊದಲ ಸಾಲಿನಲ್ಲಿ ಕೊಡುವುದು ಅವಶ್ಯ.

ಇಷ್ಟೆಲ್ಲ ಇರುವ ನೀತಿಯನ್ನು ಯಾರು ಬರೆಯಬೇಕು? ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಿಂದ ಬಂದ ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ ಬಂದು ಕಚೇರಿ ನಡೆಸಿದರು. ಕಡತಕ್ಕೆ ಸಹಿ ಹಾಕುವ ಕುರ್ಚಿಯಲ್ಲೇ ಅವರು ಕೂತಿದ್ದರು. ಕಡತ ಹೊರುವ, ಕಸ ಗುಡಿಸುವ, ಟಿಕೆಟ್ ಕೊಡುವ ಕೆಲಸಕ್ಕೆ ಬರುವವರಿಗೆ ಆ ಬಲ ಇರುವುದಿಲ್ಲ. ಆದ್ದರಿಂದ ಬರೆಯಬೇಕಾದವರು ಕಚೇರಿಯ ಮುಖ್ಯಸ್ಥರು. ಎರಡು ಪುಟ ಸಾಕು. ಹೊಸ ನೌಕರರನ್ನು ಅವರು ಹೇಳಿದ ಹೆಸರಿನಿಂದಲೇ ಕರೆಯುತ್ತೇವೆ. ಇಂಥ ಶೌಚಾಲಯ, ಇಂಥ ಕೋಣೆ ಎಲ್ಲರಿಗೂ ತೆರೆದಿದೆ. ದೇಹದ ಬಗ್ಗೆ, ಶಸ್ತ್ರಚಿಕಿತ್ಸೆಯ ಬಗ್ಗೆ ಯಾರೂ ಕೇಳುವಂತಿಲ್ಲ. ಇನ್ನೊಬ್ಬರಿಗೆ ತೊಂದರೆ ಕೊಟ್ಟವರು ಯಾರೇ ಆಗಲಿ, ಟ್ರಾನ್ಸ್ ಆಗಲಿ ಅಲ್ಲದವರಾಗಲಿ, ನಡತೆಗೆ ತಕ್ಕ ಕ್ರಮ. ದೂರು ಅಧಿಕಾರಿಯ ಹೆಸರು, ಫೋನ್ ನಂಬರು ಇದು. ಬರೆಯುವ ಮುನ್ನ ಅಲ್ಲಿ ಈಗಾಗಲೇ ದುಡಿಯುತ್ತಿರುವ ಹೆಂಗಸರನ್ನು ಕೂರಿಸಿಕೊಂಡು ಅವರ ಮಾತು ಕೇಳಬೇಕು. ಅವರಿಗೆ ಬೇಡದ್ದನ್ನು ತಲೆಯ ಮೇಲೆ ಹೇರಿದ ಕಾಗದ ಗೋಡೆಯ ಮೇಲೆ ಮಾತ್ರ ಉಳಿಯುತ್ತದೆ.

ಮಲೆ ಮಹದೇಶ್ವರ ಬೆಟ್ಟದ ಪ್ರಾಧಿಕಾರಕ್ಕೂ ನನ್ನದೊಂದು ಕೋರಿಕೆ. ಶಿವರಾತ್ರಿ, ಯುಗಾದಿ, ದೀಪಾವಳಿಗೆ ಲಕ್ಷಾಂತರ ಜನ ಬರುವ, ವಸತಿಗೃಹ, ಸ್ನಾನದ ಮನೆ, ಶೌಚಾಲಯಗಳನ್ನು ನಿತ್ಯವೂ ನಡೆಸುವ ಸಂಸ್ಥೆ ಅದು. ನೌಕರರಿಗೂ ಭಕ್ತರಿಗೂ ಒಟ್ಟಿಗೆ ಅನ್ವಯಿಸುವ ನೀತಿಯನ್ನು ಅಲ್ಲಿ ಬರೆದರೆ ಸುತ್ತಲ ಪಂಚಾಯಿತಿಗಳು ಅದನ್ನೇ ನೋಡಿ ಬರೆದುಕೊಳ್ಳುತ್ತವೆ.

ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಇಷ್ಟು ಕೇಳಿ: ನಮ್ಮ ಪಂಚಾಯಿತಿ ಕಚೇರಿಯ ದೂರು ಅಧಿಕಾರಿ ಯಾರು, ಸಮಾನ ಅವಕಾಶ ನೀತಿ ಎಲ್ಲಿ ಅಂಟಿಸಿದ್ದೀರಿ, ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೇ. ಪಿಡಿಒ ಅವರು ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ಉತ್ತರ ಬಾರದಿದ್ದರೆ ಚಾಮರಾಜನಗರದ ಜಿಲ್ಲಾಧಿಕಾರಿಗಳಿಗೆ ಒಂದು ಅರ್ಜಿ ಹಾಕಿ, ಸ್ವೀಕೃತಿ ಪಡೆದುಕೊಳ್ಳಿ.